ಪಂಪಿನ ಔಷಧಿ ಬಾಯಲ್ಲೇ ಉಳಿದರೆ

ತಂಗಿ, ನಿನ್ನ ಮೆಸೇಜು ಈಗ ನೋಡಿದೆ. ನಿನ್ನ ಅತ್ತೆಯವರಿಗೆ ಸಿಒಪಿಡಿ (ಉಸಿರಿನ ಕೊಳವೆ ಕಿರಿದಾಗಿ ದಮ್ಮು ಹಿಡಿಯುವ ದೀರ್ಘ ಕಾಯಿಲೆ) ಅಂದಿದ್ದಾರೆ, ಪಂಪು, ಅಂದರೆ ಇನ್‌ಹೇಲರ್, ಎಳೆದು ಹದಿನೈದು ದಿನ ಆದರೂ ಏದುಸಿರು ಹಾಗೇ ಇದೆ, ಬೀಡಿ ಮುಟ್ಟದವರಿಗೆ ಇದು ಹೇಗೆ ಬಂತು, ಪಂಪು ಚಟ ಆಗಿಬಿಟ್ಟರೆ ಏನು ಗತಿ ಅಂತ ಕೇಳಿದ್ದೀಯ. ಕೆಳಗೆ ಯಾರೋ ಪಂಪು ಬಿಡಿಸಿ ಕಷಾಯ ಕೊಡಿ ಅಂತಲೂ ಹಾಕಿದ್ದಾರೆ. ದಯಮಾಡಿ ಬಿಡಿಸಬೇಡ. ಉದ್ದ ಆಗ್ತದೆ, ಆದರೂ ಎಲ್ಲರೂ ಪೂರ್ತಿ ಕೇಳಿ.

ಬೀಡಿ ಒಂದೇ ಕಾರಣ ಅಲ್ಲ. ನಮ್ಮ ಸಿರ್ಸಿ ಕಡೆಯ ಬಚ್ಚಲೊಲೆ ನೆನಪು ಮಾಡಿಕೊ. ಆರಿದ್ರಾ ಮಳೆ ಹಿಡಿದ ಮೇಲೆ ಕಟ್ಟಿಗೆ ತೇವ, ತೆಂಗಿನ ಸಿಪ್ಪೆ ತೇವ, ಉರಿ ಹತ್ತುವುದಿಲ್ಲ. ಊದುಗೊಳವೆ ಹಿಡಿದು ಬಗ್ಗಿದವರು ಊದುವ ಮೊದಲು ಎದೆ ತುಂಬ ಉಸಿರು ಎಳೆದುಕೊಳ್ಳಬೇಕಲ್ಲ, ಆ ಉಸಿರಿಡೀ ಹೊಗೆ. ದಿನಾ ಎರಡು ಹೊತ್ತು, ಮೂವತ್ತು ನಲವತ್ತು ವರ್ಷ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಬೇರೆ. ಇದರಿಂದ ಉಸಿರಿನ ಸಣ್ಣ ಕೊಳವೆಗಳು ದಪ್ಪಗಾಗಿ ಕಿರಿದಾಗ್ತವೆ, ಗಾಳಿಗೂಡಿನ ಗೋಡೆ ಹರಿಯುತ್ತದೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಹಳೇ ಗಾಳಿ ಕೂತಿದ್ದರೆ ಹೊಸದಕ್ಕೆ ಜಾಗ ಎಲ್ಲಿ? ಹಾಳಾದದ್ದು ವಾಪಸ್ ಬರುವುದಿಲ್ಲ, ಆದರೆ ದಮ್ಮು ಖಂಡಿತ ಇಳಿಸಬಹುದು.

ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಮಾಡಿಸಿದ್ದಾರಾ ಅಂತ ಚೀಟಿ ನೋಡು. ಎಕ್ಸ್‌ರೇ ಚೆನ್ನಾಗಿದ್ದರೂ ಈ ಕಾಯಿಲೆ ಇರಬಹುದು. ಈ ಪರೀಕ್ಷೆಯಲ್ಲಿ ಎದೆ ತುಂಬ ಎಳೆದು ಒಂದೇ ಸಮ ಆರು ಸೆಕೆಂಡಾದರೂ ಊದಬೇಕು. ಉಸಿರಿನ ಕೊಳವೆ ಅಗಲ ಮಾಡುವ ಔಷಧಿ ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಬಂದದ್ದು 70%ಗಿಂತ ಕಡಿಮೆ ಇದ್ದರೆ ಸಿಒಪಿಡಿ.

ಈಗ ಪಂಪು. ಕಡಿಮೆ ಆಗಲಿಲ್ಲ ಅನ್ನುವವರಲ್ಲಿ ಬಹಳ ಜನಕ್ಕೆ ಔಷಧಿ ಎದೆಗೇ ಇಳಿದಿರುವುದಿಲ್ಲ, ನಾಲಿಗೆ ಗಂಟಲಲ್ಲೇ ಅಂಟಿಕೊಂಡಿರುತ್ತದೆ. ಒತ್ತುವ ಪಂಪಾದರೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ) ಇಲ್ಲದೆ ಬೇಡ. ನೆಟ್ಟಗೆ ಕೂರಿಸು. ಪಂಪು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್‌ಗೆ ಸಿಕ್ಕಿಸು. ಅವರು ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿಕೊಳ್ಳಲಿ. ಒಂದೇ ಸಲ ಒತ್ತು, ತಕ್ಷಣ ನಿಧಾನಕ್ಕೆ ನಾಲ್ಕೈದು ಸೆಕೆಂಡು ಎಳೆಯಲಿ, ಹತ್ತು ಎಣಿಸುವವರೆಗೆ ಹಿಡಿಯಲಿ. ಎರಡನೇದು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಎರಡೂ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೆ ಹೋಗ್ತದೆ. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡು. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಏರಿ ಔಷಧಿಯನ್ನು ಹಿಡಿದುಕೊಳ್ಳುತ್ತದೆ.

ಕ್ಯಾಪ್ಸೂಲಿನ ಪುಡಿ ಎಳೆಯುವ ರೋಟಾಹೇಲರ್ ಆದರೆ ಲೆಕ್ಕ ಉಲ್ಟಾ. ಅದನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಉಸಿರು ಬಿಡುವಾಗ ಬಾಯಿಂದ ದೂರ ಇಡಬೇಕು, ಉಸಿರಿನ ತೇವ ತಾಗಿದರೆ ಪುಡಿ ಗಂಟು ಕಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಉಪ್ಪು ನೀರಾಗುವ ಹಾಗೇ ಇದೂ. ಡಬ್ಬಿ ಬಿಗಿಯಾಗಿ ಮುಚ್ಚಿಡು, ಎಳೆಯುವ ಹೊತ್ತಿಗೇ ಒಂದು ತೆಗಿ, ಬಚ್ಚಲ ಹತ್ತಿರದ ಕಪಾಟಿನಲ್ಲಿ ಇಡಬೇಡ. ಎಳೆದ ಮೇಲೆ ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಸು. ಕ್ಯಾಪ್ಸೂಲನ್ನೇ ನುಂಗುವವರೂ ಇದ್ದಾರೆ, ಕೇಳಿ ನೋಡು. ಸ್ಟೆರಾಯ್ಡ್ ಇರುವ ಔಷಧಿಯಾದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸ್ಟು ಬರುತ್ತದೆ.

ಚಟದ ಮಾತು: ಉಸಿರಿನ ಕೊಳವೆ ಅಗಲ ಮಾಡುವ ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅದೇ ಔಷಧಿಯ 4 ಮಿಲಿಗ್ರಾಂ ಗುಳಿಗೆ ನಲವತ್ತು ಒತ್ತಿಗೆ ಸಮ. ಕೈ ನಡುಕ, ಎದೆ ಡವಡವ ಬರುವುದು ಗುಳಿಗೆಯಲ್ಲಿ ಜಾಸ್ತಿ. ದಿನಾ ಬೇಕಾಗುವುದು ಕಾಯಿಲೆ ದಿನಾ ಇರುವುದಕ್ಕೆ, ಚಟಕ್ಕಲ್ಲ.

ಅತ್ತೆಯವರನ್ನು ಒಲೆ ಮುಂದೆ ಕೂರಿಸಬೇಡಿ, ಇದನ್ನು ಭಾವನಿಗೂ ಹೇಳು. ಕಟ್ಟಿಗೆಯನ್ನು ಬೇಸಿಗೆಯಲ್ಲೇ ಸೀಳಿ ಕೊಟ್ಟಿಗೆಗೆ ಸೇರಿಸಿ, ಒಲೆಗೆ ಹೊಗೆಕೊಳವೆ ಹಾಕಿಸಿ ಅದು ಮಾಡಿನ ಮೇಲಕ್ಕೆ ಬರಲಿ. ಗ್ಯಾಸ್ ಗೀಸರ್ ಹಾಕಿಸಿದರೆ ಬಚ್ಚಲ ಹೊರಗೆ ಹಾಕಿಸಿ, ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿ ಜೀವ ತೆಗೆಯುತ್ತದೆ.

ಕಫ ಹಳದಿ, ಹಸಿರಿಗೆ ತಿರುಗಿ ದಮ್ಮು ಏರಿದರೆ ಅದೇ ದಿನ ಡಾಕ್ಟರಿಗೆ ತೋರಿಸು. ಒಂದು ವಾಕ್ಯ ಮುಗಿಸಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಕಾಗಿ ತೂಕಡಿಸಿದರೆ ಕಾಯಬೇಡ, 108ಕ್ಕೆ ಫೋನು ಮಾಡು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯುವಾಗ ಸಿಒಪಿಡಿ ಅಂತ ಮೊದಲೇ ಹೇಳು. ಇವರಿಗೆ ಆಮ್ಲಜನಕವನ್ನು ಸಾಮಾನ್ಯವಾಗಿ, ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ 88ರಿಂದ 92%ರೊಳಗೆ ನಿಲ್ಲುವಷ್ಟು ಕೊಡುತ್ತಾರೆ. 99 ಬರಲಿ ಅಂತ ಮನೆಯವರು ಹೆಚ್ಚಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಎಚ್ಚರ ತಪ್ಪಬಹುದು.

ನಾಳೆ ಬೆಳಿಗ್ಗೆ ಅತ್ತೆಯವರು ಪಂಪು ಎಳೆಯುವಾಗ ಒಂದು ವಿಡಿಯೋ ಮಾಡಿ ನನಗೊಬ್ಬಳಿಗೇ ಕಳಿಸು, ಗ್ರೂಪಿಗೆ ಬೇಡ. ಪಂಪಿನ ಹೆಸರು, ಡಾಕ್ಟರ ಚೀಟಿ ಎರಡರ ಫೋಟೋನೂ ಇರಲಿ.