ಸಹಾಯ ಬೇಕು: ಶಾಲೆಯಲ್ಲಿ ಉಳಿದಿರುವ ಕುಟುಂಬಗಳಿಗೆ ನೀರು, ಶೌಚಾಲಯ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯಿಂದ ಬರೆಯುತ್ತಿದ್ದೇನೆ. ಗುಡ್ಡ ಜರಿದು ಮನೆ ಬಿಟ್ಟು ಬಂದ ಸುಮಾರು 60 ಜನ ನಮ್ಮೂರ ಶಾಲೆಯಲ್ಲಿದ್ದಾರೆ. ಜಾಸ್ತಿ ಜನ ತೋಟದ ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳಲ್ಲಿ ಇದ್ದವರು. 2019ರ ಆಗಸ್ಟ್‌ನಲ್ಲಿ ಈ ಕಡೆ ಗುಡ್ಡ ಜರಿದ ಮಳೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕಿ, ಬಿಸ್ಕತ್ತು ಸಾಕಷ್ಟು ಬಂದಿದೆ. ದಯವಿಟ್ಟು ಇನ್ನು ಹಳೇ ಸೀರೆ ಕಳಿಸಬೇಡಿ! ತೊಂದರೆ ಇರುವುದು ನೀರಿನದು. ಹೊರಗೆ ಧೋ ಅಂತ ಮಳೆ, ಒಳಗೆ ಕುಡಿಯೋಕೆ ನೀರಿಲ್ಲ. ಬಾವಿಗೆ ಕೆಮ್ಮಣ್ಣು ನೀರು ನುಗ್ಗಿ ಚಹಾ ಬಣ್ಣಕ್ಕೆ ತಿರುಗಿದೆ. ಅದಕ್ಕೆ ನೇರವಾಗಿ ಕ್ಲೋರಿನ್ ಮಾತ್ರೆ ಹಾಕಿದರೆ ಸುಮ್ನೆ ದಂಡ. ಮೊದಲು ತಿಳಿಯಾಗಬೇಕು, ಸೋಸಬೇಕು, ಆಮೇಲೆ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು. ಒಬ್ಬರಿಗೆ ದಿನಕ್ಕೆ 15 ಲೀಟರ್ ಅಂದರೂ 900 ಲೀಟರ್ ಆಯಿತು.

ಶೌಚಾಲಯ ಎರಡೇ. ಒಂದರ ಚಿಲಕ ಮುರಿದಿದೆ, ರಾತ್ರಿ ಲೈಟಿಲ್ಲ. ಹೆಂಗಸರು ಸಂಜೆಯಿಂದಲೇ ನೀರು ಕುಡಿಯೋದು ನಿಲ್ಲಿಸುತ್ತಾರೆ. ಒಬ್ಬರು ಅಜ್ಜಿ ಹೇಳಿದ ಮೇಲೇ ನಮಗೆ ಇದು ಹೊಳೆದದ್ದು.

ನಲ್ಲಿ ಮತ್ತು ಮುಚ್ಚಳ ಎರಡೂ ಇರುವ ಡ್ರಮ್, ಸೋಪು, ಪ್ಯಾಡ್, ಓಆರ್‌ಎಸ್, ಟಾರ್ಚ್ ಬೇಕು. 1000 ಲೀಟರ್ ಟ್ಯಾಂಕ್ ಎರವಲು ಕೊಟ್ಟರೂ ಆಯಿತು. ಚಿಕ್ಕಮಗಳೂರಿನಿಂದ ಈ ಕಡೆ ಬರುವವರಿದ್ದರೆ ಇಲ್ಲೇ ತಿಳಿಸಿ. ಪಿಕಪ್ ಶಾಲೆ ಬಾಗಿಲ ತನಕ ಬರುತ್ತದೆ, ಲಾರಿ ಬರಲ್ಲ.