ಪಿಸ್ತೂಲಿನ ತೋಟಾ ತುಂಬಲು ಯಾವ ಮದ್ದು? ಅನುಭವ ಇದ್ದವರು ಹೇಳಿ

ಕೊಪ್ಪದಿಂದ ಪ್ರಶ್ನೆ:
ತಂಗಿಯ ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಅಲ್ಲಿ ಶೂಟಿಂಗ್ ಕ್ಲಬ್ ಸೇರಿದ್ದಾನೆ. ಈಗ ತೋಟಾವನ್ನು ಮನೆಯಲ್ಲೇ ತುಂಬುವ ಸಾಮಾನು ತಂದಿಟ್ಟುಕೊಂಡಿದ್ದಾನೆ. ಒಂದು 9 ಎಂಎಂ ಪಿಸ್ತೂಲು, ಒಂದು .38 ಸ್ಪೆಷಲ್ ರಿವಾಲ್ವರ್. "ಮಾವ, ನಿಮಗೆ ಕೋವಿ ಗೊತ್ತಲ್ವಾ, ಯಾವ ಪೌಡರ್ ತಗೊಳ್ಳಲಿ, ಎಷ್ಟು ಹಾಕಲಿ?" ಅಂತ ಕೇಳಿದ. ನನಗೆ ಗೊತ್ತಿರುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಅಪ್ಪನ ಕೇಪಿನ ಕೋವಿ ಮಾತ್ರ. ಅಂಗೈಯಲ್ಲಿ ಗುಂಡು ಇಟ್ಟು, ಅದು ಮುಚ್ಚುವಷ್ಟು ಮದ್ದು ಸುರಿ ಅನ್ನುವ ಲೆಕ್ಕ. ಅದನ್ನೇ ಹೇಳಿಬಿಡಲಾ ಅನ್ನಿಸಿತು. ಹೆದರಿಕೆಯಾಗಿ ಸುಮ್ಮನಾದೆ.

ಸಾಗರದಿಂದ:
ಸುಮ್ಮನಾಗಿದ್ದು ಒಳ್ಳೆಯದಾಯಿತು ಮಾರಾಯ್ರೇ. ನಾನು ಟೆಕ್ಸಾಸ್‌ನಲ್ಲಿ 11 ವರ್ಷ ಇದ್ದೆ. ಇವೇ ಎರಡು ಅಳತೆಯ ತೋಟಾ ತುಂಬುತ್ತಿದ್ದೆ. ಕೇಪಿನ ಕೋವಿಯ ಕಪ್ಪು ಮದ್ದಿನಲ್ಲಿ ಒಂದು ಚಿಟಿಕೆ ಹೆಚ್ಚುಕಮ್ಮಿಯಾದರೆ ಭುಜಕ್ಕೆ ಒದೆ, ಕಣ್ಣಿಗೆ ಹೊಗೆ, ಅಷ್ಟೇ. ಪಿಸ್ತೂಲಿನ ಹೊಗೆಯಿಲ್ಲದ ಪೌಡರ್‌ನಲ್ಲಿ ಆ ಚಿಟಿಕೆಯೇ ಪೂರ್ತಿ ಈಡು. 9 ಎಂಎಂಗೆ ಸಾಮಾನ್ಯವಾಗಿ ಬೀಳುವುದು ನಾಲ್ಕೈದು ಗ್ರೇನ್. ಒಂದು ಗ್ರೇನ್ ಅಂದರೆ 64.8 ಮಿಲಿಗ್ರಾಂ. ಆ ನಾಲ್ಕೈದು ಗ್ರೇನ್ ನಮ್ಮ ಲೆಕ್ಕದಲ್ಲಿ ಎರಡು ಮೂರು ಗುಲಗಂಜಿ ತೂಕ. ಕಣ್ಣಂದಾಜು ಎಲ್ಲಿ ನಡೆಯುತ್ತೆ?

ಇನ್ನು .38ರ ವಿಷಯ. ಅದು 1898ರ ಸುಮಾರಿಗೆ ಬಂದದ್ದು. ಮೊದಲು ಕಪ್ಪು ಮದ್ದನ್ನೇ ತುಂಬುತ್ತಿದ್ದರು. ಹಾಗಾಗಿ ಕೇಸು, ಅಂದರೆ ಮದ್ದು ತುಂಬುವ ಲೋಹದ ಕೊಳವೆ, ದೊಡ್ಡದು. ಈಗಿನ ಪೌಡರ್ ಅದರ ತಳದಲ್ಲಿ ಚೂರು ಕೂತಿರುತ್ತದೆ. ಮರೆತು ಎರಡು ಸಲ ಸುರಿದರೂ ಉಕ್ಕಿ ಚೆಲ್ಲುವುದಿಲ್ಲ, ಗೊತ್ತೇ ಆಗುವುದಿಲ್ಲ. ಸುರಿಯದೆ ಬಿಟ್ಟರೆ ಇನ್ನೊಂದು ಗತಿ: ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಮಾತ್ರ ಸಿಡಿದು ಗುಂಡು ನಳಿಗೆಯ ಮಧ್ಯ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಉಳಿಯುವುದಿಲ್ಲ. ನನಗೊಮ್ಮೆ "ಪುಸ್" ಅಂತ ಸಣ್ಣ ಸದ್ದು ಬಂತು. ಪಕ್ಕದಲ್ಲಿದ್ದ ಮುದುಕ ಕೈ ಅಡ್ಡ ಹಿಡಿದ. ಬಿಚ್ಚಿ ನೋಡಿದರೆ ಗುಂಡು ಅಲ್ಲೇ ಕೂತಿತ್ತು. ಅವತ್ತಿನಿಂದ 50 ಕೇಸುಗಳ ಹಲಗೆ ತುಂಬಿದ ಮೇಲೆ, ಗುಂಡು ಕೂರಿಸುವ ಮುಂಚೆ, ಟಾರ್ಚ್ ಬಿಟ್ಟು ಒಂದೊಂದರ ಒಳಗೂ ಇಣುಕುತ್ತಿದ್ದೆ.

ಯಾವ ಪೌಡರ್ ಅಂದರೆ, ಶುರುವಿಗೆ ಎರಡಕ್ಕೂ ಆಗುವ ಎಚ್‌ಪಿ-38 ಸಾಕು. ವಿಂಚೆಸ್ಟರ್ 231 ಅಂತ ಮಾರುವುದೂ ಅದೇ ಪೌಡರ್. ಟೈಟ್‌ಗ್ರೂಪ್ ಅನ್ನುವ ಪೌಡರ್ ಇನ್ನೂ ಕಡಿಮೆ ಸಾಕು, ದುಡ್ಡು ಉಳಿಯುತ್ತೆ. ಆದರೆ ಆ ಉಳಿತಾಯವೇ .38ರ ಕೇಸಿನಲ್ಲಿ ಅಪಾಯ. ಯೂನಿಕ್ ಅನ್ನುವ ಪೌಡರ್ ಕೇಸನ್ನು ಚೆನ್ನಾಗಿ ತುಂಬುತ್ತೆ, ಆದರೆ ಹಪ್ಪಳದ ಚೂರಿನ ಹಾಗೆ ಚಪ್ಪಟೆ, ಅಳತೆ ಯಂತ್ರದಲ್ಲಿ ಒಂದೇ ಸಮ ಬೀಳುವುದಿಲ್ಲ.

ಎಷ್ಟು ಅಂತ ನಾನು ಹೇಳುವುದಿಲ್ಲ, ಯಾರು ಹೇಳಿದರೂ ಕೇಳಬೇಡಿ. ಪೌಡರ್ ಕಂಪನಿಯ ಲೆಕ್ಕದ ಪಟ್ಟಿಯೇ ಇದೆ. ಎಚ್‌ಪಿ-38 ಮಾರುವ ಹಾಜ್‌ಡನ್‌ನವರು ಪುಕ್ಕಟೆ ಕೊಡುತ್ತಾರೆ. ಅದೇ ಪೌಡರ್, ಅದೇ ತೂಕದ, ಅದೇ ಥರದ ಗುಂಡಿನ ಸಾಲು ನೋಡಬೇಕು. 115 ಗ್ರೇನ್ ತೂಕದ ಗುಂಡಿನ ಲೆಕ್ಕವನ್ನು 124ಕ್ಕೆ ಹಾಕಬಾರದು. ತುಂಬಿದ ತೋಟಾದ ಒಟ್ಟು ಉದ್ದವೂ ಹೇಳಿದಷ್ಟೇ ಇರಬೇಕು. 9 ಎಂಎಂನಲ್ಲಿ ಗುಂಡು ಸ್ವಲ್ಪ ಒಳಗೆ ಕೂತರೂ ಒತ್ತಡ ಏರುತ್ತದೆ. ಅದರ ಒತ್ತಡದ ಮಿತಿ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .38ರದು 17,000. ಶುರು ಮಾಡುವ ಅಳತೆ ಅಂತ ಬರೆದಿರುತ್ತಾರೆ, ಅಲ್ಲಿಂದಲೇ ಹಿಡಿಯಬೇಕು. ಅದು ಬರೆದಿಲ್ಲದಿದ್ದರೆ ಗರಿಷ್ಠದಿಂದ 10% ಇಳಿಸುವ ರೂಢಿ ಇದೆ. ಇದೂ ಎಲ್ಲ ಪೌಡರ್‌ಗೆ ಅಲ್ಲ. ಹೆಚ್ಚು ಜೋರಿನ ಮ್ಯಾಗ್ನಮ್ ತೋಟಾಗಳಿಗೆ ಹಾಕುವ ಎಚ್110 ಪೌಡರ್ ಅನ್ನು ಗರಿಷ್ಠದಿಂದ 3%ಗಿಂತ ಇಳಿಸಬೇಡಿ ಅಂತ ಅವರೇ ಹೇಳುತ್ತಾರೆ.

ತೀರ್ಥಹಳ್ಳಿಯಿಂದ:
ಇದನ್ನು ಓದಿ ಇಲ್ಲಿ ಯಾರೂ ಖಾಲಿ ಕೇಸು ಹಿಡಿದು ಕೂರಬೇಡಿ. ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. 9 ಎಂಎಂ ಅಂತೂ ನಮ್ಮಲ್ಲಿ ಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಬೆಳೆ ಕಾಯುವ ಕೇಪಿನ ಕೋವಿಗೆ ಮಾತ್ರ ಗಜ ಹಾಕಿ ಜಡಿಯುವುದು ನಮ್ಮ ಪಾಡು. ಅದನ್ನೂ ಚುನಾವಣೆ ಬಂದರೆ ಠಾಣೆಗೆ ಹೊತ್ತುಕೊಂಡು ಹೋಗಬೇಕು, ಬಿಡಿ.

ಸಾಗರದ ಅಣ್ಣನಿಗೆ ಒಂದು ಮಾತು. ಕಪ್ಪು ಮದ್ದು ಜಾಸ್ತಿಯಾದರೆ ಬರೀ ಒದೆ ಅಂದಿರಿ. ನಮ್ಮ ಅಜ್ಜನ ಕೋವಿಯ ನಳಿಗೆ ಬಾಳೆಹೂವಿನ ಹಾಗೆ ಬಿರಿದಿತ್ತು. ಅದು ಅಟ್ಟದ ಮೇಲೆ ಈಗಲೂ ಇದೆ.

ಸಾಗರದಿಂದ:
ಒಪ್ಪಿದೆ. ಹಗುರವಾಗಿ ಬರೆದೆ, ತಪ್ಪು ನನ್ನದು. ಇನ್ನೊಂದು ಮರೆತಿದ್ದೆ. ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ಕೆಲಸ ಮುಗಿದ ಕೂಡಲೇ ಯಂತ್ರದಲ್ಲಿ ಉಳಿದದ್ದು ಅದೇ ಡಬ್ಬಿಗೆ ಹೋಗಲಿ. ಒಂದು ಸಲ ಊಟಕ್ಕೆ ಎದ್ದವನು ಎರಡು ವಾರ ಬಿಟ್ಟು ಬಂದೆ. ಯಾವ ಪೌಡರ್ ಅಂತ ನೆನಪಾಗಲಿಲ್ಲ. ಅಷ್ಟೂ ಹಿತ್ತಲ ಹುಲ್ಲಿಗೆ ಸುರಿದೆ.

ಶಿವಮೊಗ್ಗದಿಂದ:
ಕೋವಿ ಗೊತ್ತಿಲ್ಲ. ನಮ್ಮದು ಚಿನ್ನಬೆಳ್ಳಿ ಅಂಗಡಿ, ತಕ್ಕಡಿ ಗೊತ್ತು. ಸಣ್ಣ ಡಿಜಿಟಲ್ ತಕ್ಕಡಿಗಳಲ್ಲಿ ಒಂದೇ ಬಟನ್ ಒತ್ತಿದರೆ ಗ್ರಾಂ, ಕ್ಯಾರೆಟ್, ಗ್ರೇನ್ ಬದಲಾಗುತ್ತದೆ. ಒಂದು ಗ್ರಾಂಗೆ 15.43 ಗ್ರೇನ್. ತಪ್ಪು ಬಟನ್ ಒತ್ತಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಕೂರುವ ಮುಂಚೆ ಬೊಟ್ಟು ಕಲ್ಲು ಇಟ್ಟು ನೋಡಲಿ. ಫ್ಯಾನ್ ಆರಿಸಲಿ, ಗಾಳಿಗೆ ಅಂಕಿ ಕುಣಿಯುತ್ತೆ.

ಕೊಪ್ಪದಿಂದ:
ಎಲ್ಲ ಅಳಿಯನಿಗೆ ಕಳಿಸಿದೆ. ಈಗಷ್ಟೇ ತಕ್ಕಡಿಯ ಫೋಟೋ ಹಾಕಿದ್ದಾನೆ. ಗ್ರಾಂ ಅಂತಲೇ ತೋರಿಸುತ್ತಿದೆ.