ಹಳೇ ಕಂಬಕ್ಕೆ ಟರ್ಪೆಂಟೈನ್, ಜೇನುಮೇಣ: ಹಚ್ಚಿದವರು ಹೇಳಿ

ಹೊಸನಗರದಿಂದ: ಅಜ್ಜನ ಕಾಲದ ಹಲಸಿನ ಕಂಬ. ವಾರ್ನಿಷ್ ಪೊರೆ ಏಳ್ತಿದೆ, ಬುಡಕ್ಕೆಲ್ಲ ಬೂಷ್ಟು. ಮಳೆ ಹಿಡಿಯೋದ್ರೊಳಗೆ ಮೇಣ ಹಚ್ಚೋಣ ಅಂತ. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ: ನಮ್ಮ ಬೀಟೆ ಬಾಗಿಲಿಗೆ ಅದೇ. ಮೇಣ ಒಂದು ಪಾಲು, ಟರ್ಪೆಂಟೈನ್ ಮೂರು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೇಣ ಕರಗಿಸಿ, ಒಲೆ ಪೂರ್ತಿ ಆರಿಸಿ, ಅಂಗಳಕ್ಕೆ ತಂದು ಸೇರಿಸಿದ್ದು. ಆರಿದ ಮೇಲೆ ಬೆಣ್ಣೆ ಹದ. ಖರ್ಚು ಮೇಣಕ್ಕೆ 240 ರೂಪಾಯಿ, ಟರ್ಪೆಂಟೈನ್‌ಗೆ 410, ಮರಳುಕಾಗದಕ್ಕೆ 180. ಹಳೇ ವಾರ್ನಿಷ್ ಕೆರೆಯೋಕೆ ಆಳಿಗೆ ಕೊಟ್ಟಿದ್ದು 3,600! ಕೆತ್ತನೆ ಸಂದಿಯಲ್ಲಿ ಕೂತಿದ್ದು ಉಗುರಲ್ಲಿ ಕೆರೆದರೂ ಬರಲ್ಲ. ಆದ್ರೂ ಈಗ ಬಾಗಿಲು ನೋಡಿದ್ರೆ ಹೊಟ್ಟೆ ತುಂಬುತ್ತೆ.

ಸಾಗರ: ನನಗೆ ಅಂಗಡಿಯವ ಮಿನರಲ್ ಟರ್ಪೆಂಟೈನ್ ಕೊಟ್ಟು ಕಳಿಸಿದ. ಅದು ಪೆಟ್ರೋಲಿಯಂ. ಹಚ್ಚಿದ ಜಗಲಿ ತುಂಬ ಸೀಮೆಎಣ್ಣೆ ವಾಸನೆ, ಅತ್ತೆ ಅಲ್ಲಿ ಮಲಗೋದೇ ಬಿಟ್ರು. ಅಸಲಿದು ಹಿಮಾಚಲ, ಉತ್ತರಾಖಂಡದ ಕಡೆ ಚೀರ್ ಪೈನ್ ಮರದ ಅಂಟನ್ನ ಬಟ್ಟಿ ಇಳಿಸಿ ತೆಗೆದಿದ್ದು, ತಳದಲ್ಲಿ ಉಳಿಯೋ ಗಟ್ಟಿ ರಾಳವೇ ರೋಸಿನ್. 450 ರೂಪಾಯಿ ಮಣ್ಣುಪಾಲು. ಮುಚ್ಚಳ ತೆಗೆಸಿ ಮೂಸದೆ ದುಡ್ಡು ಕೊಡಬೇಡಿ.

ಆಗುಂಬೆ: ಮೇಣ ಎಲ್ಲ ಪೇಟೆ ಶೋಕಿ. ನಮ್ಮ ಮಳೆಗೆ ಗೇರುಬೀಜದ ಸಿಪ್ಪೆಯಿಂದ ತೆಗೆಯೋ ಗೇರೆಣ್ಣೆ ಒಂದೇ. ಅಪ್ಪ ಹಚ್ಚಿದ ಪಕಾಸಿಗೆ ಇವತ್ತಿಗೂ ಗೆದ್ದಲು ಮುಟ್ಟಿಲ್ಲ.

ತೀರ್ಥಹಳ್ಳಿ: ಪಕಾಸು ಮಾಡಿನ ಮೇಲಿರುತ್ತೆ ಮಾರಾಯ್ರೆ! ಮಕ್ಕಳು ಒರಗೋ ಕಂಬಕ್ಕೆ ಗೇರೆಣ್ಣೆ ಬಳಿದ್ರೆ ಮೈಯೆಲ್ಲ ಬೊಕ್ಕೆ.

ಆಗುಂಬೆ: ಒಣಗೋವರೆಗೂ ಕಾಯೋ ತಾಳ್ಮೆ ಇಲ್ಲದವರ ಮಾತು ಇದು. ನಿಮ್ಮ ಮೇಣ ಆಟಿ ಮಳೆಗೆ ಬಿಳಿಚಿಕೊಳ್ಳಲಿ, ಆಮೇಲೆ ಮಾತಾಡಿ.

ಕೊಪ್ಪ: ನಮ್ಮಜ್ಜಿ ಟರ್ಪೆಂಟೈನ್‌ಗೆ ಕರ್ಪೂರ ಹಾಕಿ ಮಂಡಿಗೆ ತಿಕ್ತಿದ್ರು. ಹೊಟ್ಟೆಹುಳಕ್ಕೂ ಸಕ್ಕರೆ ಮೇಲೆ ಒಂದೆರಡು ಹನಿ.

ಶಿವಮೊಗ್ಗ: ಹನಿಯ ಮಾತು ದಯವಿಟ್ಟು ಅಳಿಸಿ. ನಮ್ಮ ಅಣ್ಣನ ಮಗ ನೀರಿನ ಬಾಟಲಿಯಲ್ಲಿಟ್ಟಿದ್ದನ್ನ ಕುಡಿದು ಐಸಿಯು ಸೇರಿದ. ಶ್ವಾಸಕೋಶಕ್ಕೆ ಇಳಿದಿತ್ತು. ವಾಂತಿ ಮಾಡಿಸಬಾರದು, ಸೀದಾ ಆಸ್ಪತ್ರೆಗೆ ಓಡಬೇಕು. ಬಿಲ್ಲು 86,000.

ಕೊಪ್ಪ: ಅಜ್ಜಿ ಕೊಟ್ಟಿದ್ದು ಹೇಳಿದೆ, ನೀವೂ ಕೊಡಿ ಅಂದ್ನಾ?

ಶಿವಮೊಗ್ಗ: ಓದಿದವರು ಕೊಡ್ತಾರೆ. ಅದಕ್ಕೇ ಹೇಳಿದ್ದು.

ಸಾಗರ: ಮೇಣಕ್ಕೆ ಅಗಸೆ ಎಣ್ಣೆ ಬೆರೆಸೋರು ಒರೆಸಿದ ಬಟ್ಟೆ ಗುಡ್ಡೆ ಹಾಕಬೇಡಿ. ಪೇಂಟರ್ ಕೊಟ್ಟಿಗೆ ಮೂಲೆಗೆ ಎಸೆದು ಹೋದ ಬಟ್ಟೆ ತಾನಾಗೇ ಕಾದು ಸಂಜೆಗೆ ಹೊಗೆಯಾಡ್ತಿತ್ತು, ಪಕ್ಕದಲ್ಲೇ ಹುಲ್ಲಿನ ಬಣವೆ. ನೀರಲ್ಲಿ ಅದ್ದಿ ಬಯಲಲ್ಲಿ ಬಿಡಿಸಿ ಹಾಕಿ.

ಆಗುಂಬೆ: ಗೇರೆಣ್ಣೆಗೆ ಈ ರಗಳೆ ಇಲ್ಲ.

ತೀರ್ಥಹಳ್ಳಿ: ಅದೂ ಎಣ್ಣೆನೇ, ಅದಕ್ಕೂ ಬೆಂಕಿ ಹತ್ತುತ್ತೆ! ಸಾಗರದವರೇ, ಅಸಲಿ ಟರ್ಪೆಂಟೈನ್ ಆಮೇಲೆ ಎಲ್ಲಿ ಸಿಕ್ತು?